ಋತು ಮತ್ತು ಋಣ

ನಮ್ಮ ಪ್ರಾಚೀನ ಮಹಾಕಾವ್ಯಗಳ ಪರಿಚಯವುಳ್ಳವರಿಗೆ ಅಷ್ಟಾದಶ ವರ್ಣನೆಗಳೆಂದರೇನೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಸಮುದ್ರ, ಪರ್ವತ, ಪುರ, ಋತು, ಸೂರ್ಯೋದಯ, ಚಂದ್ರೋದಯ, ವನವಿಹಾರ, ಜಲಕ್ರೀಡೆ, ಮಧುಪಾನ, ದ್ಯೂತ, ಪ್ರಯಾಣ ಎಂದು ಸಾಗುವ ಆ ಹದಿನೆಂಟನ್ನು ವರ್ಣಿಸದ ಕವಿಗೆ ಮಹಾಕವಿಯೆಂಬ ಮನ್ನಣೆ ದೊರೆಯುವುದು ಕಷ್ಟವಿತ್ತು. ಈ ಸಂಪ್ರದಾಯ ಎಂದೋ ಅಳಿಯಿತೆಂದು ನಾವು ಅಧ್ಯಾಪಕರು ತರಗತಿಯಲ್ಲಿ ಹೇಳುತ್ತ ಬಂದಿದ್ದೇವೆ. ಆದರೆ ಯೂರೋಪು ಪ್ರವಾಸದ ಬಣ್ಣದ ಕೈಪಿಡಿಯೊಂದನ್ನು ತೆರೆದು ನೋಡಿ: ದಕ್ಷಿಣ ಫ್ರಾನ್ಸಿನ ನೀಲಿ ಕಡಲಿದೆ, ಆಲ್ಪ್ಸ್ ಪರ್ವತವಿದೆ, ಪ್ಯಾರಿಸ್ಸು, ರೋಮುಗಳ ಪುರವರ್ಣನೆಯಿದೆ, ಸರೋವರದಲ್ಲಿ ದೋಣಿಯ ವಿಹಾರವಿದೆ, ದ್ರಾಕ್ಷಿಯ ತೋಟದಲ್ಲಿ ಮಧುಪಾನವಿದೆ, ಮಾಂಟೆ ಕಾರ್ಲೊದಲ್ಲಿ ದ್ಯೂತವೂ ಇದೆ. ಕೊನೆಯ ವರ್ಣನೆಯಾದ ನಾಯಕಾಭ್ಯುದಯವನ್ನು ಪ್ರವಾಸಿಯೇ ಊರಿಗೆ ಮರಳಿದ ಮೇಲೆ ನೆಂಟರಿಷ್ಟರ ಮುಂದೆ ಛಾಯಾಚಿತ್ರಗಳನ್ನು ಹರಡಿ ಪೂರೈಸುತ್ತಾನೆ. ಸಂಪ್ರದಾಯ ಅಳಿದಿಲ್ಲ, ಛಂದಸ್ಸನ್ನು ತೊರೆದು ನುಣುಪು ಕಾಗದಕ್ಕೆ ಇಳಿದಿದೆ, ಅಷ್ಟೆ.

ಇದು ದೂರದ ಮಹಾನಗರಗಳ ಮಾತಲ್ಲ. ದಾವಣಗೆರೆಯಂತಹ ವ್ಯಾಪಾರದ ಊರಿನಲ್ಲಿಯೂ ಈಗ ಯುಗಾದಿ ಕಳೆಯುವ ಹೊತ್ತಿಗೆ ಮನೆಮನೆಯಲ್ಲಿ ಪ್ರವಾಸದ ಮಾತು ಏಳುತ್ತದೆ. ಹಿಂದೆ ಬೇಸಗೆಯೆಂದರೆ ಅಜ್ಜನ ಮನೆ; ಆ ಬಳಿಕ ಜೋಗ, ಕೆಮ್ಮಣ್ಣುಗುಂಡಿ, ಊಟಿ; ಈಗ ಕೈಯಲ್ಲಿ ನಾಲ್ಕು ಕಾಸು ಆಡುವವರಿಗೆ ಸ್ವಿಟ್ಜರ್ಲೆಂಡು. ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ವೀಸಾ ಪಡೆದು, ಹತ್ತು ದಿನಗಳಲ್ಲಿ ಆರೇಳು ದೇಶಗಳನ್ನು ನೋಡಿ ಬರುವ ಕುಟುಂಬಗಳು ನಮ್ಮ ನಡುವೆ ವಿರಳವಲ್ಲ. ಅವರ ಜೊತೆಯಲ್ಲಿ ಅಡಿಗೆಯವರೂ ಹೋಗುವುದುಂಟು. ಆಲ್ಪ್ಸ್ ಪರ್ವತದ ತಪ್ಪಲಿನಲ್ಲಿ ಅನ್ನ ಸಾರು ದೊರೆಯುವುದುಂಟು. ಟಿಟ್ಲಿಸ್ ಶಿಖರದ ಹಿಮದ ನಡುವೆ 1995ರ ಹಿಂದಿ ಚಿತ್ರವೊಂದರ ನಾಯಕ ನಾಯಿಕೆಯರ ರಟ್ಟಿನ ಪ್ರತಿಕೃತಿಯನ್ನು ನಿಲ್ಲಿಸಿ, ಭಾರತೀಯರು ಅದರ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳಲೆಂದು ಅಲ್ಲಿನವರು ಏರ್ಪಾಟು ಮಾಡಿದ್ದಾರೆ. ವ್ಯಾಪಾರವೆಂದರೇನೆಂಬುದನ್ನು ಅವರು ನಮ್ಮ ಮಂಡಿಪೇಟೆಯವರಿಗೂ ಕಲಿಸಬಲ್ಲರು.

ಇಂತಹ ಪ್ರವಾಸವನ್ನು ಹಳಿಯುವುದು ಸುಲಭ. ಹಳಿಯುವವರಲ್ಲಿ ಅರ್ಧದಷ್ಟು ಮಂದಿ ಹೋಗಲಾರದವರೆಂಬುದೂ ಸುಳ್ಳಲ್ಲ. ನನ್ನ ಉದ್ದೇಶ ಅದಲ್ಲ. ಏಪ್ರಿಲ್ ತಿಂಗಳಲ್ಲಿ ನಮ್ಮೂರಿನ ಬಿಸಿಲು ನಲವತ್ತು ಡಿಗ್ರಿಯ ಹತ್ತಿರ ಸುಳಿಯುವಾಗ, ವರ್ಷವೆಲ್ಲ ಗಲ್ಲದ ಮೇಲೆ ಕುಳಿತು ದುಡಿದವನು ಹಿಮವನ್ನು ಕಾಣಬೇಕೆಂದು ಬಯಸಿದರೆ ಅದರಲ್ಲಿ ಪಾಪವೇನಿದೆ? ಚೌಕಿಪೇಟೆಯಲ್ಲಿ ಬಟ್ಟೆಯ ಅಂಗಡಿಯಿಟ್ಟಿರುವ ನನ್ನ ಪರಿಚಿತರೊಬ್ಬರು ಪ್ರವಾಸದಿಂದ ಬಂದವರು, "ಮೇಷ್ಟ್ರೇ, ಅಲ್ಲಿ ಧೂಳು ಅನ್ನೋದೇ ಇಲ್ಲ ನೋಡ್ರಿ. ಬೆಳಿಗ್ಗೆ ಹಾಕಿದ ಅಂಗಿ ರಾತ್ರಿಯೂ ಬೆಳ್ಳಗೇ ಇರ್ತದೆ" ಎಂದು ಬೆರಗಿನಿಂದ ಹೇಳಿದರು. ಅವರ ಮನೆಯವರು ಚಹ ತಂದಿಟ್ಟು, "ಹತ್ತು ದಿನ ನಾನು ಒಲೆ ಹಚ್ಚಲಿಲ್ಲರೀ. ನನಗೆ ಅದೇ ಸ್ವಿಟ್ಜರ್ಲೆಂಡು" ಎಂದರು. ಆ ಎರಡನೆಯ ಮಾತನ್ನು ಕೇಳಿದ ಮೇಲೂ ಪ್ರವಾಸವನ್ನು ಬರಿಯ ಒಣ ಆಡಂಬರವೆಂದು ತಳ್ಳಿಹಾಕುವ ಧೈರ್ಯ ಯಾರಿಗೂ ಬರಲಾರದು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ನಾವು ಹಣ ತೆತ್ತು ಕೊಳ್ಳುವುದಾದರೂ ಏನನ್ನು? ಊರನ್ನಂತೂ ಅಲ್ಲ, ಊರನ್ನು ಕೊಳ್ಳಲಾಗದು. ಕೊಳ್ಳುವುದು ಋತುವನ್ನು. ಆಲ್ಪ್ಸ್ ಪರ್ವತದಲ್ಲಿ ಹುಲ್ಲು ಚಿಗುರುವ ಎರಡು ವಾರ, ಕಡಲು ಬೆಚ್ಚಗಿರುವ ಒಂದು ತಿಂಗಳು, ಹಿಮ ಗಟ್ಟಿಯಾಗಿರುವ ಕೆಲವು ದಿನ. ಊರಿನ ಒಳ್ಳೆಯ ಹವೆ ಮಾತ್ರ ನಮಗೆ ಬೇಕು. ಅದರ ಕೆಟ್ಟ ಹವೆ ಅಲ್ಲಿಯೇ ಇರುವವರ ಪಾಲಿಗಿರಲಿ. ಐಷಾರಾಮಿ ಪ್ರವಾಸದ ತಿರುಳು ಇದೇ.

ಕನ್ನಡ ನಿಘಂಟಿನಲ್ಲಿ 'ಋ'ಕಾರದ ಪುಟ ಬಹಳ ಚಿಕ್ಕದು. ಅಲ್ಲಿರುವುದು ಬೆರಳೆಣಿಕೆಯ ಸಂಸ್ಕೃತ ಶಬ್ದಗಳು. ಆ ಪುಟದಲ್ಲಿ ಋಣ, ಋತ, ಋತು ಎಂಬ ಮೂರು ಶಬ್ದಗಳು ಒಂದರ ಪಕ್ಕದಲ್ಲಿ ಒಂದು ಕುಳಿತಿವೆ. ಅಕ್ಷರಕ್ರಮದ ಆಕಸ್ಮಿಕವೆನ್ನಿ, ಆದರೆ ಅರ್ಥವುಳ್ಳ ಆಕಸ್ಮಿಕ. ಋತುವನ್ನು ಉಂಡವನ ಮೇಲೆ ಋಣವಿದೆ. ಆ ಋಣವನ್ನು ಯಾರು ತೀರಿಸಿದರು, ಯಾರು ತೀರಿಸದೆ ಹೋದರು ಎಂಬುದೇ ಯೂರೋಪಿನ ಕಡಲು ಬೆಟ್ಟಗಳ ನಿಜವಾದ ಇತಿಹಾಸವೆಂದು ನನಗೆ ತೋರುತ್ತದೆ. ಕೈಪಿಡಿಗಳಲ್ಲಿ ಅದು ಇರುವುದಿಲ್ಲ.

ನೀಸ್ ಪಟ್ಟಣವನ್ನೇ ತೆಗೆದುಕೊಳ್ಳೋಣ. ಇಂದು ಬೇಸಗೆಯ ಕಡಲಸ್ನಾನಕ್ಕೆ ಹೆಸರಾದ ಆ ತೀರ ಮೊದಲು ಚಳಿಗಾಲದ ತಾಣವಾಗಿತ್ತು. ಹದಿನೆಂಟನೆಯ ಶತಮಾನದ ಉತ್ತರಾರ್ಧದಿಂದ ಇಂಗ್ಲಿಷ್ ಸಿರಿವಂತರು ತಮ್ಮ ದೇಶದ ಮಂಜು ಮಳೆಗಳನ್ನು ತಪ್ಪಿಸಿಕೊಂಡು, ಎಳೆಬಿಸಿಲನ್ನರಸಿ ಅಲ್ಲಿಗೆ ಬರುತ್ತಿದ್ದರು. ಬೇಸಗೆ ಬಂತೆಂದರೆ ಬಾಗಿಲು ಹಾಕಿಕೊಂಡು ಹೊರಟುಬಿಡುತ್ತಿದ್ದರು. ಬೇಸಗೆಯಲ್ಲಿಯೂ ಅಲ್ಲಿರುವುದು ಸೊಗಸೆಂದು ಸಿರಿವಂತರು ಕಂಡುಕೊಂಡದ್ದು 1920ರ ದಶಕದಲ್ಲಿ. ಋತುವೆಂಬುದು ಪ್ರಕೃತಿ ಕೊಟ್ಟದ್ದು ಮಾತ್ರವಲ್ಲ, ಹಣವುಳ್ಳವರ ರುಚಿ ನಿರ್ಮಿಸಿದ್ದು ಕೂಡ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆ ಊರಿನಲ್ಲಿ ಕಡಲಿನ ಉದ್ದಕ್ಕೂ ವಿಶಾಲವಾದ ಒಂದು ನಡೆದಾರಿಯಿದೆ. ಅದರ ಹೆಸರಿಗೆ 'ಇಂಗ್ಲಿಷರ ವಿಹಾರಪಥ'ವೆಂದು ಅರ್ಥ. ಅದು ಹುಟ್ಟಿದ ಬಗೆ ಕೇಳತಕ್ಕದ್ದು. 1820-21ರ ಚಳಿಗಾಲದಲ್ಲಿ ಕಡುಹಿಮ ಬಿದ್ದು ಕಿತ್ತಳೆಯ ಮರಗಳು ಸತ್ತವು. ಕೂಲಿಯಿಲ್ಲದೆ ಜನ ಭಿಕ್ಷೆಗಿಳಿದರು. ಆಗ ಅಲ್ಲಿ ಬೀಡುಬಿಟ್ಟಿದ್ದ ಇಂಗ್ಲಿಷರು, ಲೂಯಿಸ್ ವೇ ಎಂಬ ಪಾದ್ರಿಯ ಮುಂದಾಳುತನದಲ್ಲಿ, ತಮ್ಮೊಳಗೇ ಚಂದಾ ಎತ್ತಿ, ಆ ಜನರಿಗೆ ಕೂಲಿ ಕೊಟ್ಟು ಕಡಲಂಚಿನಲ್ಲಿ ದಾರಿ ಮಾಡಿಸಿದರು. ತಾವು ಸಂಜೆ ಅಡ್ಡಾಡಲು ಒಂದು ದಾರಿಯಾದೀತೆಂಬ ಸ್ವಾರ್ಥ ಅವರಿಗಿರಲಿಲ್ಲವೆಂದು ನಾನು ಹೇಳಲಾರೆ. ಆದರೆ ಅದಕ್ಕೆ ಬೇಲಿ ಹಾಕಲಿಲ್ಲ. ಮೊದಲು ಕಿರಿದಾಗಿದ್ದ ಆ ದಾರಿಯನ್ನು ಮುಂದೆ ಊರಿನವರು ಅಗಲಿಸಿದರು, ಉದ್ದ ಮಾಡಿದರು. ಇಂದಿಗೂ ರಾಜಕುಮಾರನೂ ಬೆಸ್ತನೂ ಒಂದು ಕಾಸನ್ನೂ ತೆರದೆ ಅಲ್ಲಿ ನಡೆಯಬಹುದು. ಚಳಿಗಾಲದ ಆ ವಿಹಾರನಗರವನ್ನು 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಋತುವನ್ನು ಉಂಡವರು ಸಲ್ಲಿಸಿದ ಋಣದ ಒಂದು ಕಂತು ಇದು.

ಇನ್ನು ಬೆಟ್ಟದ ಕಡೆಗೆ ಬರೋಣ. ಸ್ವಿಟ್ಜರ್ಲೆಂಡಿನ ಸೇಂಟ್ ಮಾರಿಟ್ಸ್ ಎಂಬ ಹಳ್ಳಿಯಲ್ಲಿ ಯೋಹಾನೆಸ್ ಬಾದ್ರುಟ್ ಎಂಬ ಹೋಟೆಲಿನವನಿದ್ದ. ಬೇಸಗೆ ಮುಗಿಸಿ ಹೊರಟ ಇಂಗ್ಲಿಷ್ ಅತಿಥಿಗಳಿಗೆ ಅವನು 1864ರಲ್ಲಿ ಪಂಥ ಕಟ್ಟಿದನೆಂಬ ಕಥೆಯಿದೆ: "ಚಳಿಗಾಲದಲ್ಲಿಯೂ ಬನ್ನಿ, ಇಲ್ಲಿ ಬಿಸಿಲು ಕಾಣದಿದ್ದರೆ ನಿಮ್ಮ ಪ್ರಯಾಣದ ವೆಚ್ಚ ನನ್ನದು." ಅವರು ಬಂದರು, ಬಿಸಿಲಿಗೆ ಕಂದಿದ ಮೈಯಿಂದ ಈಸ್ಟರಿನ ಹೊತ್ತಿಗೆ ಮರಳಿದರು. ಆಲ್ಪ್ಸ್ ಪರ್ವತದಲ್ಲಿ ಚಳಿಗಾಲವೂ ಮಾರಾಟದ ಸರಕಾದದ್ದು ಹೀಗೆ. ಅದಕ್ಕೆ ಒಂದು ವರ್ಷ ಮುಂಚೆ, 1863ರಲ್ಲಿ, ಥಾಮಸ್ ಕುಕ್ ಎಂಬುವನು ಇಂಗ್ಲೆಂಡಿನ ಮಧ್ಯಮವರ್ಗದವರನ್ನು ಗುಂಪುಕಟ್ಟಿ ಆ ದೇಶಕ್ಕೆ ಕರೆದೊಯ್ದಿದ್ದ. ಇಂದು ನಮ್ಮವರು ಹೋಗುವ ಗುಂಪು ಪ್ರವಾಸದ ಮೂಲಪುರುಷನೇ ಆತ. 3454 ಮೀಟರ್ ಎತ್ತರದ ಯುಂಗ್‌ಫ್ರಾವ್ ಕಣಿವೆಬಾಯಿಗೆ ಬಂಡೆಯನ್ನು ಕೊರೆದು ರೈಲನ್ನು ಏರಿಸುವ ಕೆಲಸ 1896ರಲ್ಲಿ ತೊಡಗಿ 1912ರಲ್ಲಿ ಮುಗಿಯಿತು. ಕೊರೆದವರು ಬಹುಮಟ್ಟಿಗೆ ಇಟಲಿಯಿಂದ ಹೊಟ್ಟೆಪಾಡಿಗಾಗಿ ಬಂದ ಕೂಲಿಗಳು. ಅವರಲ್ಲಿ ಹಲವರು ಸುರಂಗದಲ್ಲಿಯೇ ಪ್ರಾಣ ತೆತ್ತರು. ಆ ರೈಲಿನಲ್ಲಿ ಕುಳಿತು ಮೇಲೇರುವಾಗ ಕಿಟಕಿಯಾಚೆಗೆ ಬಹಳ ಹೊತ್ತು ಕತ್ತಲೆಯಲ್ಲದೆ ಮತ್ತೇನೂ ಕಾಣದಂತೆ. ಕಾಣದ ಆ ಕತ್ತಲೆಗೇ ನಾವು ಹೆಚ್ಚು ಋಣಿಗಳು.

ಸಿರಿವಂತರು ಋತುವನ್ನು ಕಂಡುಹಿಡಿಯುವ ಎಷ್ಟೋ ಶತಮಾನಗಳ ಮುಂಚೆ ಬೆಟ್ಟಗಳಿಗೆ ಋತುಮಾನದ ಪ್ರವಾಸಿಗಳಿದ್ದರು: ದನಗಳು ಮತ್ತು ದನಗಾಹಿಗಳು. ಬೇಸಗೆ ಬಂದಾಗ ಹಸುಗಳನ್ನು ಮೇಲಿನ ಹುಲ್ಲುಗಾವಲಿಗೆ ಅಟ್ಟಿ, ಹಾಲು ಕರೆದು ಗಿಣ್ಣದ ಗಡ್ಡೆ ಕಟ್ಟಿ, ಶರತ್ಕಾಲದಲ್ಲಿ ಕೊರಳಿಗೆ ಗಂಟೆ, ಕೊಂಬಿಗೆ ಹೂ ಕಟ್ಟಿ ಕೆಳಗಿಳಿಸುವ ಆ ಜೀವನಕ್ರಮವನ್ನು ಯುನೆಸ್ಕೊ 2023ರಲ್ಲಿ ಮಾನವಕುಲದ ಪರಂಪರೆಯೆಂದು ಅಂಗೀಕರಿಸಿತು. ಕೈಪಿಡಿಯ ಮುಖಪುಟದಲ್ಲಿ ಹಸುರು ಜಮಖಾನೆಯಂತೆ ಕಾಣುವ ಇಳಿಜಾರನ್ನು ಹಾಗೆ ಕಾಪಾಡಿದ್ದು ಹಸುವಿನ ಬಾಯಿ, ದನಗಾಹಿಯ ಕುಡುಗೋಲು. ಮೇಯಿಸುವುದನ್ನು ಬಿಟ್ಟರೆ ಆ ಹುಲ್ಲುಗಾವಲಿನಲ್ಲಿ ಪೊದೆ ಬೆಳೆದುಬಿಡುತ್ತದೆ.

ಇದನ್ನು ಓದಿದಾಗ ನಮ್ಮ ಸೀಮೆಯವರಿಗೆ ಕುರಿಗಾಹಿಗಳ ನೆನಪಾಗದಿರದು. ಚಿತ್ರದುರ್ಗದ ಕಡೆಯಿಂದ, ನಮ್ಮದೇ ಜಿಲ್ಲೆಯ ಒಣಭೂಮಿಯಿಂದ ಹೊರಟ ಮಂದೆಗಳು ಭದ್ರಾ ನಾಲೆಯ ಬಯಲಿನಲ್ಲಿ ಬತ್ತದ ಕೊಯಿಲು ಮುಗಿಯುವುದನ್ನು ಕಾಯುತ್ತಿರುತ್ತವೆ. ಕೂಳೆ ಮೇಯಲು ಬಂದ ಕುರಿಗಳನ್ನು ರಾತ್ರಿ ಹೊಲದಲ್ಲಿ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರವಾಗುತ್ತದೆ. ಅದಕ್ಕಾಗಿ ರೈತ ಕುರಿಗಾಹಿಗೆ ಹಣವನ್ನೋ ಕಾಳನ್ನೋ ಕೊಡುತ್ತಾನೆ. ಮೇದವನೂ ಮೇಯಿಸಿದವನೂ ಪರಸ್ಪರ ಋಣ ತೀರಿಸಿಕೊಂಡು ಬೀಳ್ಕೊಳ್ಳುತ್ತಾರೆ. ಋತುಮಾನದ ಪ್ರವಾಸಕ್ಕೆ ಇದಕ್ಕಿಂತ ಒಳ್ಳೆಯ ನೀತಿಶಾಸ್ತ್ರ ನನಗೆ ತಿಳಿಯದು. ಕುರಿಗಾಹಿ ಬಂದು ಹೋದ ಮೇಲೆ ಹೊಲ ಮೊದಲಿಗಿಂತ ಚೆನ್ನಾಗಿರುತ್ತದೆ. ಪ್ರವಾಸಿ ಬಂದು ಹೋದ ಮೇಲೆ ಊರು ಹೇಗಿರುತ್ತದೆ?

ಯೂರೋಪಿನ ಕೆಲವು ಊರುಗಳು ಈ ಪ್ರಶ್ನೆಗೆ ಈಚೆಗೆ ಬಾಯಿಬಿಟ್ಟು ಉತ್ತರ ಕೊಡತೊಡಗಿವೆ. ಆಸ್ಟ್ರಿಯದ ಹಾಲ್‌ಸ್ಟಾಟ್ ಎಂಬ ಸರೋವರದ ಹಳ್ಳಿಯಲ್ಲಿ ಸಾವಿರಕ್ಕೂ ಕಡಿಮೆ ಜನ ವಾಸವಾಗಿದ್ದಾರೆ. ಸುಗ್ಗಿಯ ದಿನಗಳಲ್ಲಿ ಹತ್ತು ಸಾವಿರದವರೆಗೂ ಪ್ರವಾಸಿಗಳು ಬರುತ್ತಾರೆ. 2023ರಲ್ಲಿ ಅಲ್ಲಿನವರು ಬೀದಿಗಿಳಿದು ಪ್ರತಿಭಟಿಸಿದರು. ಚಿತ್ರ ತೆಗೆಯುವವರ ಕಾಟ ತಾಳಲಾರದೆ ಸರೋವರದ ನೋಟಕ್ಕೇ ಕೆಲವು ದಿನ ಮರದ ತಡಿಕೆ ಕಟ್ಟಿದರು. ವೆನಿಸ್ ನಗರ 2024ರ ಏಪ್ರಿಲ್ 25ರಂದು, ಬೆಳಿಗ್ಗೆ ಬಂದು ಸಂಜೆ ಹೋಗುವವರಿಂದ, ಜನಸಂದಣಿಯ ದಿನಗಳಲ್ಲಿ ಐದು ಯೂರೊ ಪ್ರವೇಶಶುಲ್ಕ ವಸೂಲು ಮಾಡಲಾರಂಭಿಸಿತು. ಅದೇ ವರ್ಷ ಜುಲೈ ತಿಂಗಳಲ್ಲಿ ಬಾರ್ಸಿಲೋನದ ಪ್ರತಿಭಟನೆಗಾರರು ಹೋಟೆಲಿನ ಮುಂದೆ ಕುಳಿತ ಪ್ರವಾಸಿಗಳ ಮೇಲೆ ಆಟಿಕೆಯ ಪಿಸ್ತೂಲಿನಿಂದ ನೀರೆರಚಿದರು. ಮನೆಗಳೆಲ್ಲ ಪ್ರವಾಸಿಗಳ ಬಾಡಿಗೆಗೆ ಹೋಗಿ ಊರಿನ ಮಕ್ಕಳಿಗೆ ಮನೆ ಸಿಕ್ಕದಂತಾಯಿತೆಂಬುದು ಅವರ ಅಳಲು. ನೀರೆರಚುವುದು ಸೌಜನ್ಯವಲ್ಲ. ಆದರೆ ಸಾಲಗಾರ ತಾನಾಗಿ ಬಾರದಿದ್ದಾಗ ಕೊಟ್ಟವನು ಬಾಗಿಲಿಗೆ ಬಂದು ಕೂಗುವುದು ಲೋಕದ ರೂಢಿಯೇ ಅಲ್ಲವೆ?

ಅಷ್ಟೇ ಅಲ್ಲ, ಋತುವೇ ಈಗ ಕೈಬಿಡುತ್ತಿದೆ. 2022 ಮತ್ತು 2023, ಈ ಎರಡೇ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ಹಿಮನದಿಗಳು ತಮ್ಮ ಗಾತ್ರದ ಹತ್ತನೆಯ ಒಂದು ಪಾಲನ್ನು ಕಳೆದುಕೊಂಡವು. ರೋನ್ ಹಿಮನದಿಯ ಒಂದು ಭಾಗಕ್ಕೆ, ಕರಗದಿರಲೆಂದು, ಬೇಸಗೆಯಲ್ಲಿ ಬಿಳಿಯ ಬಟ್ಟೆ ಹೊದಿಸುತ್ತಾರೆ. ಹಿಮವನ್ನು ನೋಡಲು ನಾವು ಹಾರುವ ವಿಮಾನದ ಹೊಗೆಯೂ ಹಿಮ ಕರಗುವುದಕ್ಕೆ ತನ್ನ ಕಾಣಿಕೆಯನ್ನು ಸಲ್ಲಿಸುತ್ತಿದೆಯೆಂಬುದನ್ನು ಮರೆಯುವಂತಿಲ್ಲ.

ಋತುಮಾನದ ಪ್ರವಾಸ ಸಿರಿವಂತರದು ಮಾತ್ರವೆಂದು ಭಾವಿಸಿದರೆ ನಮ್ಮ ಜಿಲ್ಲೆಯನ್ನು ನಾವು ಅರಿತಿಲ್ಲವೆಂದೇ ಅರ್ಥ. ಒಮ್ಮೆ ಬಿ.ಎ. ತರಗತಿಯಲ್ಲಿ 'ನಾನು ಕಂಡ ಬೆಟ್ಟ' ಎಂಬ ವಿಷಯದ ಮೇಲೆ ಪ್ರಬಂಧ ಬರೆಯಲು ಹೇಳಿದ್ದೆ. ಹೆಚ್ಚಿನವರು ಊಟಿಯನ್ನೋ ನಂದಿಯನ್ನೋ ವರ್ಣಿಸಿದ್ದರು. ಜಗಳೂರು ಕಡೆಯ ಒಬ್ಬ ಹುಡುಗಿ ಚಿಕ್ಕಮಗಳೂರಿನ ಕಾಫಿ ತೋಟವನ್ನು ಕುರಿತು ಬರೆದಿದ್ದಳು. ಮೂರನೆಯ ತರಗತಿಯಿಂದ ಏಳನೆಯ ತರಗತಿಯವರೆಗೆ, ಹಣ್ಣು ಬಿಡಿಸುವ ಕಾಲದಲ್ಲಿ, ತಂದೆತಾಯಿಗಳ ಜೊತೆಗೆ ಅವಳು ಅಲ್ಲಿಗೆ ಗುಳೆ ಹೋಗುತ್ತಿದ್ದಳು. ಬೆಟ್ಟ ಚೆಂದವಾಗಿತ್ತೆಂದು ಅವಳೂ ಬರೆದಿದ್ದಳು. ಬೆಳಗಿನ ಮಂಜಿನಲ್ಲಿ ಗಿಡ ಕಾಣದೆ ಅವ್ವನ ಸೀರೆಯ ಸೆರಗನ್ನು ಹಿಡಿದು ನಡೆಯುತ್ತಿದ್ದೆನೆಂದು ಬರೆದಿದ್ದಳು. ಲೈನ್ ಮನೆಯಲ್ಲಿ ರಾತ್ರಿ ಚಳಿಗೆ ಮೂವರು ಮಕ್ಕಳಿಗೆ ಒಂದೇ ಕಂಬಳಿಯಿತ್ತೆಂದು ಬರೆದಿದ್ದಳು. ದೂರು ಹೇಳುವ ಧಾಟಿ ಎಲ್ಲಿಯೂ ಇರಲಿಲ್ಲ. ಕೊನೆಯಲ್ಲಿ, "ಊರಿಗೆ ಬಂದಾಗ ಶಾಲೆಯಲ್ಲಿ ಪಾಠ ಮುಂದೆ ಹೋಗಿರುತ್ತಿತ್ತು" ಎಂದು ನಿಲ್ಲಿಸಿದ್ದಳು.

ಅವಳು ಮಂಜಿನಲ್ಲಿ ನಡೆದ ಆ ತಿಂಗಳುಗಳಲ್ಲಿಯೇ, ನವೆಂಬರಿನಿಂದ ಫೆಬ್ರವರಿಯವರೆಗೆ, ಅದೇ ಬೆಟ್ಟಗಳ ವಸತಿಗೃಹಗಳು ಪ್ರವಾಸಿಗಳಿಂದ ತುಂಬಿರುತ್ತವೆ. ಅದೇ ಮಂಜನ್ನು ನೋಡಲು ಅವರು ಒಂದು ರಾತ್ರಿಗೆ ತೆರುವ ಹಣ ಆ ಕುಟುಂಬದ ಎಷ್ಟೋ ದಿನಗಳ ಕೂಲಿಯಾದೀತು. ಇಬ್ಬರೂ ಬೆಟ್ಟಕ್ಕೆ ಬಂದವರೇ. ಇಬ್ಬರನ್ನೂ ಕರೆದದ್ದು ಋತುವೇ. ಒಬ್ಬರದು ಪ್ರವಾಸ, ಇನ್ನೊಬ್ಬರದು ಗುಳೆ. ಜಗಳೂರು, ಹಾಗೂ 1997ರಿಂದ 2018ರವರೆಗೆ ನಮ್ಮ ಜಿಲ್ಲೆಗೇ ಸೇರಿದ್ದು ಈಗ ವಿಜಯನಗರ ಜಿಲ್ಲೆಯಲ್ಲಿರುವ ಹರಪನಹಳ್ಳಿ, ಇಂತಹ ಮಳೆ ನಂಬಿದ ತಾಲ್ಲೂಕುಗಳಿಂದ ಗುಳೆ ಹೊರಡುವ ಜನ ಋತುವನ್ನು ಕೊಳ್ಳಲು ಹೋಗುವುದಿಲ್ಲ. ಋತುವಿಗೆ ತಮ್ಮನ್ನು ಮಾರಿಕೊಳ್ಳಲು ಹೋಗುತ್ತಾರೆ. ಕನ್ನಡದಲ್ಲಿ ಪ್ರವಾಸ ಸಾಹಿತ್ಯವೆಂಬ ಸಮೃದ್ಧವಾದ ಪ್ರಕಾರವಿದೆ. ಗೋಕಾಕರು 'ಸಮುದ್ರದಾಚೆಯಿಂದ' ಬರೆದರು. ಕಾರಂತರು 'ಅಪೂರ್ವ ಪಶ್ಚಿಮ' ಬರೆದರು. ತಾವು ಕಂಡುದನ್ನು ಕಾಣಲಾರದ ಲಕ್ಷಾಂತರ ಓದುಗರೊಡನೆ ಹಂಚಿಕೊಂಡು ಅವರು ತಮ್ಮ ಋಣವನ್ನು ತೀರಿಸಿದರು. ಗುಳೆಯ ಸಾಹಿತ್ಯ ಬೆಳೆಯಬೇಕಾದಷ್ಟು ಬೆಳೆದಿಲ್ಲ. ಆ ಹುಡುಗಿಯಂಥವರು ಬರೆದರೆ ಬೆಳೆದೀತು; ಆದರೆ ಬರೆಯಲು ಮೊದಲು ಪಾಠ ತಪ್ಪದಿರಬೇಕು.

ಇಷ್ಟು ಹೇಳಿದ ಮೇಲೆ ಹರಿಹರದ ಮಾತನ್ನು ಎತ್ತಬೇಕು. ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರು. ಬಸ್ಸಿನಲ್ಲಿ ಅರ್ಧ ಗಂಟೆಯ ಹಾದಿ. ಹೊಯ್ಸಳ ಎರಡನೆಯ ನರಸಿಂಹನ ಕಾಲದಲ್ಲಿ, 1224ರ ಸುಮಾರಿಗೆ, ಪೋಲಾಳ್ವ ದಂಡನಾಯಕ ಕಟ್ಟಿಸಿದ ಹರಿಹರೇಶ್ವರನ ಗುಡಿ ಅಲ್ಲಿದೆ. ಕೂಡಲಿಯಲ್ಲಿ ಒಂದಾದ ತುಂಗೆ ಭದ್ರೆಯರು ಊರ ಮಗ್ಗುಲಲ್ಲಿ ಹರಿಯುತ್ತಾರೆ. ಸೂಳೆಕೆರೆಯಿಂದ ಹೊರಟ ಹರಿದ್ರಾ ಹೊಳೆ ಬಂದು ಕೂಡುವುದೂ ಅಲ್ಲಿಯೇ. ಶ್ರಾವಣದಲ್ಲಿ ಕೆಂಪುನೀರು ದಡ ಮುಟ್ಟಿ ಹರಿಯುವ ಆ ಹೊಳೆಯ ಗಾಂಭೀರ್ಯವನ್ನು ಕಂಡವರು ಮರೆಯಲಾರರು. ಬೇಸಗೆಯಲ್ಲಿ ಬಂಡೆಗಳು ತಲೆಯೆತ್ತಿ, ನಡುನಡುವೆ ಮಡುಗಳು ನಿಲ್ಲುತ್ತವೆ. ಯೂರೋಪಿಗೆ ಹೋಗುವವರು ಹರಿಹರವನ್ನು ನೋಡಲಿ ಎಂಬ ಸವಕಲು ಉಪದೇಶವನ್ನು ನಾನು ಮಾಡುತ್ತಿಲ್ಲ. ಹರಿಹರ ಹರಿಹರವೇ, ರೈನ್ ನದಿ ರೈನ್ ನದಿಯೇ. ಒಂದನ್ನು ನೋಡಿದ್ದರಿಂದ ಇನ್ನೊಂದನ್ನು ನೋಡಿದಂತಾಗದು. ಆದರೆ ಎರಡು ನದಿಗಳಿಗೂ ಸಮಾನವಾದ ಒಂದು ಕಥೆಯಿದೆ. ಅದನ್ನು ನಮ್ಮ ಪ್ರವಾಸಿಗಳು ತಿಳಿದಿರಬೇಕು.

1980ರ ದಶಕದಲ್ಲಿ ಹರಿಹರದ ಎದುರು ದಡದ ಕಾರ್ಖಾನೆಯ ಕಲ್ಮಷ ನೀರಿನಿಂದ ತುಂಗಭದ್ರೆಯಲ್ಲಿ ಮೀನುಗಳು ಸತ್ತು ತೇಲಿದವು. ದಡದ ಹಳ್ಳಿಗಳವರೂ ಮೀನುಗಾರರೂ ದನಿಯೆತ್ತಿದರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಅವರ ಬೆನ್ನಿಗೆ ನಿಂತು ಹೋರಾಡಿತು. ಅದೇ ದಶಕದಲ್ಲಿ, 1986ರ ನವೆಂಬರ್ 1ರಂದು, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಬಳಿ ರಾಸಾಯನಿಕಗಳ ಉಗ್ರಾಣಕ್ಕೆ ಬೆಂಕಿ ಬಿತ್ತು. ಬೆಂಕಿಯಾರಿಸಿದ ನೀರು ವಿಷವನ್ನು ಹೊತ್ತು ರೈನ್ ನದಿಗೆ ಇಳಿಯಿತು, ನೀರು ಕೆಂಪಾಯಿತು, ಹಾವುಮೀನುಗಳು ರಾಶಿರಾಶಿಯಾಗಿ ಸತ್ತವು. ಆ ನಾಡಿನವರು ಕೈಕಟ್ಟಿ ಕೂಡಲಿಲ್ಲ. ನದಿಯ ದಡದ ದೇಶಗಳೆಲ್ಲ ಸೇರಿ 1987ರಲ್ಲಿ ಒಂದು ಕಾರ್ಯಕ್ರಮ ಹಾಕಿಕೊಂಡವು. ನದಿಯಿಂದ ಕಣ್ಮರೆಯಾಗಿದ್ದ ಸಾಲ್ಮನ್ ಮೀನು 2000ದ ಹೊತ್ತಿಗೆ ಮರಳಿ ಬರಬೇಕೆಂಬುದು ಅವರು ಇಟ್ಟುಕೊಂಡ ಗುರಿ. ಎಷ್ಟು ಸರಳವಾದ ಗುರಿ! ಅಂಕಿಅಂಶಗಳನ್ನು ಓದಲಾರದವನಿಗೂ ಮೀನು ಬಂತೇ ಇಲ್ಲವೇ ಎಂಬುದು ಕಾಣುತ್ತದೆ. ಮೀನು ಮರಳಿತು. ಇಂದು ಬಾಸೆಲ್ಲಿನ ಜನ ಬೇಸಗೆಯ ಸಂಜೆ ಕಚೇರಿ ಮುಗಿಸಿ, ಬಟ್ಟೆಬರೆಯನ್ನು ನೀರು ಹೊಗದ ಚೀಲದಲ್ಲಿ ಕಟ್ಟಿಕೊಂಡು, ಹೊಳೆಗೆ ಧುಮುಕಿ ತೇಲುತ್ತ ಮನೆಗೆ ಹೋಗುತ್ತಾರೆ.

ನಮ್ಮ ಪ್ರವಾಸಿ ರೈನ್ ನದಿಯ ಜಲಪಾತದ ಮುಂದೆ ನಿಂತು, "ಎಷ್ಟು ತಿಳಿಯಾದ ನೀರು!" ಎಂದು ಉದ್ಗರಿಸುತ್ತಾನೆ. ಆ ತಿಳಿನೀರು ಅವರ ದೇಶದ ಅದೃಷ್ಟವೆಂದು ಬಗೆದು, "ನಮ್ಮಲ್ಲಿ ಎಲ್ಲಿ ಬರಬೇಕು" ಎಂದು ನಿಟ್ಟುಸಿರುಬಿಟ್ಟು ಊರಿಗೆ ಮರಳುತ್ತಾನೆ. ಪ್ರವಾಸದ ನಿಜವಾದ ನಷ್ಟ ಇಲ್ಲಿದೆ. ಖರ್ಚಾದ ನಾಲ್ಕೈದು ಲಕ್ಷ ರೂಪಾಯಿಗಳಲ್ಲಲ್ಲ. ನೋಡಿದ್ದು ಋಣ ತೀರಿಸಿದ ಮೇಲಿನ ಚೆಲುವನ್ನು. ತಿಳಿದುಕೊಂಡದ್ದು ದೇವರು ಕೊಟ್ಟ ಚೆಲುವೆಂದು. ಹೀಗೆ ನೋಡಿದವನ ಕಣ್ಣಿಗೆ ತನ್ನ ಊರು ಮೊದಲಿಗಿಂತ ಕೀಳಾಗಿ ಕಾಣುತ್ತದೆಯೇ ಹೊರತು ಊರಿಗಾಗಿ ಏನನ್ನಾದರೂ ಮಾಡಬೇಕೆಂಬ ಬಯಕೆ ಹುಟ್ಟುವುದಿಲ್ಲ.

"ಇದೆಲ್ಲ ಸರಕಾರದ ಕೆಲಸವಲ್ಲವೆ? ನಮ್ಮ ದುಡ್ಡು, ನಮ್ಮ ಪ್ರವಾಸ" ಎಂದು ಕೇಳುವವರಿದ್ದಾರೆ. ಸರಕಾರದ ಕೆಲಸವೆಂಬುದು ನಿಜ. ಆದರೆ ಕೇಳುವವರಿಲ್ಲದೆ ಸರಕಾರಗಳು ಎಚ್ಚರವಾದುದನ್ನು ಯಾವ ದೇಶವೂ ಕಂಡಿಲ್ಲ. ಕೇಳಬೇಕಾದವರು ಯಾರು? ಒಳ್ಳೆಯ ಹೊಳೆದಂಡೆ ಹೇಗಿರುತ್ತದೆಂಬುದನ್ನು ಕಣ್ಣಾರೆ ಕಂಡು ಬಂದವರೇ ಅಲ್ಲವೆ? ಕಾಣದವನು ಕೇಳಲಾರ. ಕಂಡವನು ಸುಮ್ಮನಿದ್ದರೆ ಕಂಡದ್ದು ವ್ಯರ್ಥ.

ಇನ್ನು ದುಡ್ಡಿನ ಮಾತು. ದಾವಣಗೆರೆಯ ವರ್ತಕರಿಗೆ ದಾನವೆಂದರೇನೆಂದು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಹತ್ತಿಯ ಗಿರಣಿಗಳ ಕಾಲದಲ್ಲಿ ಈ ಊರು ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿತ್ತು. ಆ ಗಿರಣಿಗಳ ಸದ್ದು ಅಡಗಿದೆ. ಆದರೆ ಅಂದಿನವರು ಕಟ್ಟಿಸಿದ ಛತ್ರಗಳು, ವಿದ್ಯಾರ್ಥಿನಿಲಯಗಳು, ಕಾಲೇಜುಗಳು ನಿಂತಿವೆ. ರಾಜನಹಳ್ಳಿ ಮನೆತನದವರ ಹೆಸರಿನ ಛತ್ರವನ್ನು ಅರಿಯದವರು ಈ ಊರಿನಲ್ಲಿಲ್ಲ. ಜಿಲ್ಲಾ ಆಸ್ಪತ್ರೆಗೆ ಇಂದಿಗೂ ಚಿಗಟೇರಿಯವರ ಹೆಸರಿದೆ. ದಾರಿಹೋಕನಿಗೆ ನೆರಳು, ಬಡ ಹುಡುಗನಿಗೆ ಅನ್ನ ಅಕ್ಷರ, ರೋಗಿಗೆ ಹಾಸಿಗೆ ಎಂಬ ಲೆಕ್ಕಾಚಾರ ಆ ಹಿರಿಯರದು. ಅವರಲ್ಲಿ ಹೆಚ್ಚಿನವರು ಹಿಮವನ್ನು ಕಂಡವರಲ್ಲ. ನೀಸ್ ಪಟ್ಟಣದ ಇಂಗ್ಲಿಷರು 1820ರ ದಶಕದಲ್ಲಿ ಮಾಡಿದ್ದನ್ನು ಅವರು ಯಾರಿಂದಲೂ ಕಲಿಯದೆಯೇ ಮಾಡಿದರು.

ಆ ಸಂಪ್ರದಾಯವನ್ನು ಹೊಸ ಕಾಲಕ್ಕೆ ಒಗ್ಗಿಸಬೇಕೆಂಬುದಷ್ಟೇ ನನ್ನ ವಿನಂತಿ. ಪ್ರವಾಸಕ್ಕೆ ಹೋಗಿಬಂದ ಕುಟುಂಬವೊಂದು ತನ್ನ ವೆಚ್ಚದ ನೂರರಲ್ಲಿ ಒಂದು ಪಾಲನ್ನು ಎತ್ತಿಟ್ಟರೆ ಅದು ಹಲವು ಸಾವಿರ ರೂಪಾಯಿಯಾಗುತ್ತದೆ. ಇಂತಹ ಕುಟುಂಬಗಳು ಹತ್ತಿಪ್ಪತ್ತು ಸೇರಿದರೆ ಎರಡು ಕೆಲಸಗಳನ್ನು ತೊಡಗಬಹುದು. ಮೊದಲನೆಯದು, ಹರಿಹರದಲ್ಲಿ ಹ���ಳೆಯ ದಂಡೆಗುಂಟ ಜನಸಾಮಾನ್ಯರು ನಡೆದಾಡಲು ನೆರಳಿನ ದಾರಿ. ಅದಕ್ಕೆ ಟಿಕೇಟು ಇರಕೂಡದು, ಬೇಲಿ ಇರಕೂಡದು. ಹೊಂಗೆ, ಬೇವು, ಮತ್ತಿಯ ಮರಗಳಿದ್ದರೆ ಸಾಕು. ಜನ ನಡೆದಾಡತೊಡಗಿದ ದಂಡೆಯಲ್ಲಿ ಕಸ ಸುರಿಯುವುದು ಕಷ್ಟವಾಗುತ್ತದೆ. ದಡದ ಊರುಗಳ ಚರಂಡಿ ನೀರು ಹಾಗೆಯೇ ಹೊಳೆಗಿಳಿಯುವುದನ್ನು ದಿನವೂ ನೋಡುವ ಕಣ್ಣುಗಳು ಹೆಚ್ಚಿದರೆ ಅಧಿಕಾರಿಗಳಿಗೂ ನಿದ್ದೆ ಬಾರದು. ಬಾಸೆಲ್ಲಿನವರಂತೆ ನಾವೂ ಒಂದು ಸರಳವಾದ ಗುರಿಯಿಟ್ಟುಕೊಳ್ಳೋಣ: ಬೇಸಗೆಯ ಮಡುವಿನಲ್ಲಿ ಮಗುವೊಂದು ಅಂಜಿಕೆಯಿಲ್ಲದೆ ಈಸು ಬೀಳಬೇಕು.

ಎರಡನೆಯದು, ಗುಳೆ ಹೋಗುವವರ ಮಕ್ಕಳು ಊರಿನಲ್ಲಿಯೇ ಉಳಿದು ಓದಲು, ಕೊಯಿಲಿನ ನಾಲ್ಕು ತಿಂಗಳ ಮಟ್ಟಿಗೆ ನಡೆಯುವ ವಸತಿನಿಲಯಗಳಿಗೆ ನೆರವು. ಋತುಮಾನದ ಹೋಟೆಲುಗಳಿರುವಾಗ ಋತುಮಾನದ ವಸತಿನಿಲಯ ಏಕಿರಬಾರದು? ಇದರಿಂದ ಗುಳೆ ನಿಲ್ಲುವುದಿಲ್ಲವೆಂಬುದನ್ನು ನಾನು ಬಲ್ಲೆ. ಅದಕ್ಕೆ ನೀರು, ಬೆಳೆ, ಕೂಲಿಯ ದೊಡ್ಡ ಏರ್ಪಾಟುಗಳೇ ಬೇಕು. ಆದರೆ ಆ ಏರ್ಪಾಟು ಆಗುವವರೆಗೆ ಪಾಠ ಮುಂದೆ ಹೋಗದಂತೆ ತಡೆದು ನಿಲ್ಲಿಸಲು ಯಾರಿಂದಲೂ ಸಾಧ್ಯವಿಲ್ಲ. ಮಗುವನ್ನು ಪಾಠದ ಹತ್ತಿರ ಇರಿಸಬಹುದು.

ಇಷ್ಟಾದರೆ ಯಾರೂ ಮನಸ್ಸಿನಲ್ಲಿ ಅಳುಕಿಲ್ಲದೆ ವಿಮಾನವೇರಬಹುದು. ಕಡಲನ್ನು ನೋಡಿ ಬರಲಿ, ಹಿಮವನ್ನು ಮುಟ್ಟಿ ಬರಲಿ. ಒಲೆ ಹಚ್ಚಿ ಹಚ್ಚಿ ದಣಿದ ತಾಯಂದಿರು ಹತ್ತು ದಿನ ಕೈಚಾಚಿ ಕುಳಿತು ಬರಲಿ. ಅಲ್ಲಿಂದ ತರುವ ಆಯಸ್ಕಾಂತದ ಗೊಂಬೆ ತಣ್ಣೀರ ಪೆಟ್ಟಿಗೆಯ ಬಾಗಿಲಿಗೆ ಅಂಟಿಕೊಂಡಿರಲಿ. ಅದರ ಜೊತೆಗೆ ಒಂದು ಅತೃಪ್ತಿಯನ್ನೂ ತಂದರೆ ಸುಂಕದವರು ಅದನ್ನು ತಡೆಯಲಾರರು. ತುಂಗಭದ್ರೆಯ ಸೇತುವೆಯನ್ನು ದಾಟುವಾಗ ಆ ಅತೃಪ್ತಿ ಒಮ್ಮೆ ಕೆರಳಿ, ಕಿಟಕಿಯಿಂದ ಹೊಳೆಯ ಕಡೆಗೆ ನೋಡುವಂತೆ ಮಾಡಿದರೆ ಸಾಕು. ಉಳಿದ ಕೆಲಸಕ್ಕೆ ದಾವಣಗೆರೆಯವರಲ್ಲಿ ಹಣಕ್ಕೂ ಬರವಿಲ್ಲ, ಬುದ್ಧಿಗೂ ಬರವಿಲ್ಲ.